ಉಜ್ಜಿದರೆ ಹೋಗದ ಗಂಟು

ನಿನ್ನೆಗಿಂತ ದೊಡ್ಡದಾಗಿದೆಯೇ, ಇಲ್ಲ ತನ್ನ ಬೆರಳೇ ಸುಳ್ಳು ಹೇಳುತ್ತಿದೆಯೇ? ಮಗಳ ದವಡೆಯ ಕೆಳಗಿನ ಗಂಟಿನ ಮೇಲೆ ಹೆಬ್ಬೆರಳಿಟ್ಟು ಅವನು ಮತ್ತೆ ನೋಡಿದ. ಅವನ ಬೆರಳು ಸುಳ್ಳು ಹೇಳುವುದು ಕಡಿಮೆ. ಬಟ್ಟೆ ಗಿರಣಿಯಲ್ಲಿ ಅವನದು ತಪಾಸಣೆಯ ಕೆಲಸ. ದೀಪದ ಮೇಜಿನ ಮೇಲೆ ಬಟ್ಟೆ ಸರಿಯುವಾಗ ಅಂಗೈ ಆಡಿಸಿ, ನೂಲಿನ ಗಂಟು ಸಿಕ್ಕಲ್ಲಿ ಚಿಮಟದಿಂದ ಎತ್ತಿ, ಉಗುರಿನಿಂದ ಉಜ್ಜಿ ಸಮ ಮಾಡುತ್ತಾನೆ. ಗಂಟು ಎಂದರೆ ಅವನಿಗೆ ತಪ್ಪು. ತಪ್ಪು ಉಜ್ಜಿದರೆ ಹೋಗುತ್ತದೆ.

ಹಾಗಾಗಿ ದಿನಾ ಸಂಜೆ ಎಣ್ಣೆ ಹಚ್ಚಿ ಮಗಳ ಗಂಟನ್ನೂ ಉಜ್ಜುತ್ತಿದ್ದ.

"ಅಪ್ಪಾ, ನೋಯತ್ತೆ."

"ಇನ್ನೊಂಚೂರು ಪುಟ್ಟಿ. ಕರಗತ್ತೆ."

ಹೆಂಡತಿ ಬಾಗಿಲಲ್ಲೇ ನಿಂತಿದ್ದಳು. "ಡಾಕ್ಟರಿಗೆ ತೋರಿಸೋಣ ಅಂದ್ರೆ ಕೇಳಲ್ಲ. ಅವಳ ಕತ್ತೇನು ನಿಮ್ಮ ಗಿರಣಿ ಬಟ್ಟೇನಾ?"

ಅವನು ಬಟ್ಟಲಿಗೆ ಬೆರಳದ್ದಿ ಇನ್ನಷ್ಟು ಎಣ್ಣೆ ತೆಗೆದುಕೊಂಡ.

ಆ ಹೊತ್ತಿಗೆ ಅವನ ತಂಗಿ ಬಂದಳು. ಅವಳಿಗೆ ಆಸ್ಪತ್ರೆಯ ಪ್ರಯೋಗಾಲಯದಲ್ಲಿ ಕೆಲಸ. ಚಪ್ಪಲಿ ಬಿಡುತ್ತಲೇ ಅಣ್ಣನ ಎಣ್ಣೆಗೈ ಕಂಡಳು.

"ಏನಣ್ಣಾ, ಮಗೂನ ಹಿಟ್ಟು ನಾದಿದ ಹಾಗೆ ನಾದ್ತಿದೀಯ?"

"ಗಂಟು ಕಣೇ. ಜಗ್ಗಲ್ಲ ಅಂತಿದೆ. ಕೊಯ್ಸಿ ತೆಗೆಸಿಬಿಡ್ಬೇಕೇನೋ."

"ಮೊದಲು ಕೈ ತೆಗಿ. ಪುಟ್ಟಿ, ಆ ಅನ್ನು."

ಹಿಂದಿನ ಹಲ್ಲೊಂದು ಕಪ್ಪಾಗಿ ತೂತುಬಿದ್ದಿತ್ತು. ಸುತ್ತ ವಸಡು ಊದಿತ್ತು.

"ಈ ಕಡೆ ನಾನು ಅಗಿಯೋದೇ ಇಲ್ಲ ಅತ್ತೆ," ಎಂದಳು ಪುಟ್ಟಿ, ದೊಡ್ಡ ಗುಟ್ಟು ಬಿಟ್ಟುಕೊಡುವವಳಂತೆ.

"ನಾಳೆ ಆಸ್ಪತ್ರೆಗೆ ಕರ್ಕೊಂಡು ಬಾ. ಈ ಹಲ್ಲಿಂದ್ಲೇ ಗಂಟು ಬಂದಿರ್ಬೇಕು. ನಂದು ಊಹೆ ಅಷ್ಟೆ, ಡಾಕ್ಟರು ನೋಡ್ಲಿ."

ಡಾಕ್ಟರು ಕತ್ತು ಮುಟ್ಟಿ, ಹಲ್ಲು ನೋಡಿ, ಹಲ್ಲಿನ ಸೋಂಕಿಗೇ ಕತ್ತಿನ ದುಗ್ಧರಸ ಗ್ರಂಥಿ ಊದಿ ಗಂಟಾಗಿದೆ ಎಂದರು. ಚಿಕಿತ್ಸೆ ಶುರುವಾಯಿತು. ಅವನಿಗೆ ಮಾತ್ರ ಸಮಾಧಾನವಿಲ್ಲ. ತಂಗಿ ಅವನನ್ನು ತನ್ನ ಮೇಜಿಗೆ ಕರೆದೊಯ್ದು, ಸೂಕ್ಷ್ಮದರ್ಶಕದ ಕೆಳಗೆ ಗಾಜಿನ ಪಟ್ಟಿಯೊಂದನ್ನಿಟ್ಟಳು. ವಿದ್ಯಾರ್ಥಿಗಳಿಗೆ ತೋರಿಸಲು ಇಟ್ಟಿದ್ದ, ದುಗ್ಧರಸ ಗ್ರಂಥಿಯ ಬಲು ತೆಳು ಚೂರು.

"ಭೂತಗನ್ನಡಿಯಲ್ಲಿ ಎಳೆ ಎಣಿಸೋನು ನೀನು. ಏನು ಕಾಣತ್ತೆ ಹೇಳು."

ಅವನು ಕಣ್ಣಿಟ್ಟು, ಬಟ್ಟೆ ನೋಡುವಂತೆ ಅಂಚಿನಿಂದ ಅಂಚಿಗೆ ನೋಡಿದ.

"ಹೊರಗೊಂದು ಸಿಪ್ಪೆ. ಒಳಗೆ ನೇರಳೆ ಚುಕ್ಕಿ, ರಾಶಿ ರಾಶಿ. ಅಂಚಿನ ಕಡೆ ದುಂಡು ದುಂಡಾಗಿ ಗುಂಪು ಕಟ್ಟಿವೆ, ಗುಂಪಿನ ನಡುವೆ ತಿಳಿ ಬಣ್ಣ. ಅಲ್ಲಲ್ಲಿ ಖಾಲಿ ಓಣಿ."

"ಆ ಓಣೀಲೇ ದುಗ್ಧರಸ ಸರಿಯೋದು, ನಿನ್ನ ಮೇಜಿನ ಮೇಲೆ ಬಟ್ಟೆ ಸರಿದ ಹಾಗೆ. ಮೈಯೊಳಗೆಲ್ಲಾ ಬಸಿದ ನೀರು ಅದು. ಅಲ್ಲಿ ಸಣ್ಣ ಎಳೆಗಳ ಬಲೆ ಇದೆ. ಬಲೆಗೆ ಬಿದ್ದ ರೋಗಾಣುನ ದೊಡ್ಡ ಕಣಗಳು ನುಂಗತ್ವೆ. ಈ ಚುಕ್ಕಿಗಳು ಬಿಳಿ ರಕ್ತಕಣ. ಒಂದೊಂದೂ ಒಂದೊಂದು ಥರದ ಶತ್ರುನ ಗುರುತು ಹಿಡಿಯತ್ತೆ. ತನ್ನ ಪಾಲಿಂದು ಸಿಕ್ಕಿದ್ರೆ ಅದೊಂದೇ ಕಣ ನೂರಾಗಿ ಸಾವಿರ ಆಗತ್ತೆ. ಆ ತಿಳಿ ಬಣ್ಣದ ಜಾಗದಲ್ಲಿ ನಡೆಯೋದು ಅದೇ. ರೋಗಾಣುನ ಹಿಡಿಯೋ ಪ್ರತಿಕಾಯ ತಯಾರಾಗೋದು ಈ ಕಣಗಳಿಂದ್ಲೇ. ಅಷ್ಟು ಜನ ಸೇರಿದ್ರೆ ಮನೆ ಊದದೇ ಇರತ್ತಾ?"

"ಅಂದ್ರೆ, ಅದು ತಪ್ಪಲ್ಲ."

"ತಪ್ಪು ಹಿಡಿಯೋರು ಅಣ್ಣಾ. ನಿನ್ನ ಪೈಕಿಯೋರೇ. ಅವರನ್ನ ದಿನಾ ಉಜ್ತಾ ಕೂತಿದ್ದೆ ನೀನು."

ಅವನು ಸೂಕ್ಷ್ಮದರ್ಶಕದಿಂದ ಕಣ್ಣು ತೆಗೆಯದೆ ನಕ್ಕ. ಎಷ್ಟೋ ದಿನದ ಮೇಲೆ ನಕ್ಕಿದ್ದು.

ಇದನ್ನು ಓದುತ್ತಿರುವ ನಿಮ್ಮ ಮನೆಯಲ್ಲೂ ಕತ್ತು, ಕಂಕುಳು, ತೊಡೆಸಂದಿನಲ್ಲಿ ಯಾರಿಗಾದರೂ ಗಂಟು ಸಿಕ್ಕೀತು. ಉಜ್ಜಬೇಡಿ, ಹಿಸುಕಬೇಡಿ. ಹತ್ತಿರದಲ್ಲಿ ಗಾಯ, ಹುಳುಕು ಹಲ್ಲು, ಗಂಟಲು ನೋವು ಇದೆಯೇ ನೋಡಿ, ಅದಕ್ಕೆ ಚಿಕಿತ್ಸೆ ಕೊಡಿಸಿ. ಎಲ್ಲ ಗಂಟೂ ಸಾಧುವಲ್ಲ. ಎರಡು ವಾರವಾದರೂ ಇಳಿಯದಿದ್ದರೆ, ಬೆಳೆಯುತ್ತಲೇ ಇದ್ದರೆ, ಕಲ್ಲಿನಂತೆ ಗಟ್ಟಿಯಾಗಿ ಅಲುಗದಿದ್ದರೆ, ಜ್ವರವೋ ರಾತ್ರಿ ಬೆವರೋ ಜೊತೆಗಿದ್ದರೆ, ಮೈತೂಕ ಇಳಿಯುತ್ತಿದ್ದರೆ ತಡಮಾಡದೆ ಡಾಕ್ಟರಿಗೆ ತೋರಿಸಿ. ಕ್ಷಯದಂಥ ಕಾಯಿಲೆಯೂ ಹೀಗೆ ಗಂಟಾಗಿ ಕಾಣಿಸಿಕೊಳ್ಳಬಹುದು; ಅದಕ್ಕೂ ಔಷಧವಿದೆ. ಹೆದರಿಕೆಯಾದರೆ, ಹೆದರಿಕೊಂಡೇ ಹೋಗಿ.

ಪುಟ್ಟಿಯ ಗಂಟು ಮೆಲ್ಲಗೆ ಇಳಿಯಿತು. ಈಗ ಎರಡೂ ಕಡೆ ಅಗಿಯುತ್ತಾಳೆ. ಅಷ್ಟು ದಿನ ಯಾಕೆ ಉಜ್ಜಿದಿರಿ ಎಂದು ಹೆಂಡತಿ ಒಮ್ಮೆ ಕೇಳಿದಳು. ಅಭ್ಯಾಸ ಎಂದ. ಉಜ್ಜುತ್ತಿರುವಷ್ಟು ದಿನ, ಡಾಕ್ಟರ ಬಾಯಿಂದ ಏನು ಕೇಳಬೇಕಾದೀತೋ ಎಂಬುದನ್ನು ಮುಂದೂಡಬಹುದಿತ್ತು ಎಂದು ಅವನು ಯಾರಿಗೂ ಹೇಳಲಿಲ್ಲ.