ಡೋಲು ಹೊತ್ತ ಸಿಪಾಯಿ

ಮುಚ್ಚಳದ ಮೇಲೆ ಅಂಟಿಸಿದ್ದ ಡೋಲಿನವನು, ಆ ಪುಟ್ಟ ಸಿಪಾಯಿ ಗೊಂಬೆ, ಇರಲಿಲ್ಲ. ಮೇಲೆ ಒಣಗಿದ ಅಂಟಿನ ಕಲೆ, ಕೆಳಗೆ ನಾನೇ ಮೆತ್ತಿದ್ದ ಎಂ-ಸೀಲ್ ಪುಟ್ಟಿಯ ಉಂಡೆ, ಅಷ್ಟೇ. ಪಕ್ಕದಲ್ಲಿ ನಮ್ಮಣ್ಣನ ಮಗ ಬಸವೇಶ ಕೂತಿದ್ದ. ಇನ್ನೂ ವರ್ಷ ತುಂಬದ ಕೂಸು. ಜೋರಾಗಿ ಕೆಮ್ಮಿ ಕೆಮ್ಮಿ ಸುಮ್ಮನಾಗಿ, ನನ್ನನ್ನು ನೋಡಿ ನಕ್ಕ.

ನನ್ನ ಕೆಲಸ ಏನೆಂದು ಹೇಳಿಬಿಡುತ್ತೇನೆ. ಕೇಳಿದವರೆಲ್ಲ ನಗುತ್ತಾರೆ, ನೀವೂ ನಕ್ಕುಬಿಡಿ. ಪುಣೆಯ ಸಾಹೇಬರೊಬ್ಬರಿಗೆ ಮೇಜಿನ ಮೇಲೆ ಯುದ್ಧ ಆಡುವ ಹುಚ್ಚು. ಇನ್ನೂರು ವರ್ಷದ ಹಿಂದಿನ ನೆಪೋಲಿಯನ್ನನ ಕಾಲಾಳುಗಳನ್ನು ಸಾಲಾಗಿ ನಿಲ್ಲಿಸಿ, ದಾಳ ಉರುಳಿಸಿ, ಗೆಳೆಯರ ಜೊತೆ ಗೆದ್ದೆ, ಸೋತೆ ಎಂದು ಕೂಗಾಡುತ್ತಾರಂತೆ. ಆ ಸಿಪಾಯಿಗಳು ಕೊರಿಯರ್‌ನಲ್ಲಿ ಶಿಗ್ಗಾಂವಿಗೆ ಬರುತ್ತಾರೆ, ನಾನು ಬಣ್ಣ ಹಚ್ಚಿ ವಾಪಸ್ ಕಳಿಸುತ್ತೇನೆ. ಮೊದಲು ಗೊಟಗೋಡಿ ಕಡೆ ಶಿಲ್ಪಗಳ ತೋಟದಲ್ಲಿ ಸಿಮೆಂಟಿನ ಎತ್ತುಗಳಿಗೆ ಬಣ್ಣ ಬಳಿಯುತ್ತಿದ್ದವಳು, ಈಗ ಶೇಂಗಾ ಬೀಜಕ್ಕಿಂತ ತುಸು ಎತ್ತರದ ಸಿಪಾಯಿಯ ನೀಲಿ ಕೋಟಿಗೆ ಗುಂಡಿ ಬರೆಯುತ್ತೇನೆ. "ಮೀಸಿ ಬಂದ ಗಂಡಸರು ಗೊಂಬಿ ಆಡ್ತಾರ, ಇಕಿ ಅವಕ್ಕ ಅಂಗಿ ತೊಡಸ್ತಾಳ" ಎನ್ನುತ್ತಾಳೆ ನಮ್ಮವ್ವ ಸರೋಜವ್ವ.

ಹಿಡಿಯಲು ಸುಲಭವಾಗಲೆಂದು ಒಬ್ಬೊಬ್ಬನನ್ನೂ ಸೋಡಾ ಬಾಟಲಿಯ ಮುಚ್ಚಳಕ್ಕೆ ಅಂಟಿಸಿರುತ್ತೇನೆ. ಆ ಕೋಣೆಗೆ ಯಾವಾಗಲೂ ಚಿಲಕ. ಅವತ್ತು ಹೊರಗೆ ಕೊರಿಯರ್‌ನವ ಕೂಗಿದ, ಬಾಗಿಲು ಹಾಗೇ ಬಿಟ್ಟು ಎದ್ದುಹೋದೆ.

ಚಾಪೆ ಕೊಡವಿದೆವು, ಕಪಾಟು ಸರಿಸಿದೆವು, ಕೂಸಿನ ಬಾಯೊಳಗೆ ಬೆರಳು ಹಾಕಿ ನೋಡಿದೆವು. ಎಲ್ಲಿಯೂ ಇಲ್ಲ. "ಅಯ್ಯ ಶಿವನ, ನುಂಗ್ಯಾನ!" ಎಂದು ಅವ್ವ ಎದೆ ಬಡಿದುಕೊಂಡಳು. ಅಣ್ಣನ ಹೆಂಡತಿ ಅಂಕಿತಾ ವೈನಿ ಮಗನನ್ನು ಎತ್ತಿಕೊಂಡು ಹೊರಟೇಬಿಟ್ಟರು. ಬೈದಿದ್ದರಾದರೂ ಚೆನ್ನಾಗಿತ್ತು. ಡಾಕ್ಟರಿಗೆ ತೋರಿಸಲೆಂದು ಇನ್ನೊಬ್ಬ ಸಿಪಾಯಿಯನ್ನು ಮುಚ್ಚಳದ ಸಮೇತ ಕೈಯಲ್ಲಿ ಹಿಡಿದು ನಾನು ಹಿಂದೆ ಓಡಿದೆ.

ಪೇಟೆಯ ಡಾಕ್ಟರು ಸಿಪಾಯಿಯನ್ನು ತಿರುಗಿಸಿ ನೋಡಿದರು. "ಯಾತರದ್ದಿದು?"

"ಸೀಸದ್ದರಿ ಸರ್. ಎಲ್ಲಾ ಸೀಸದ್ದ." ಹೇಳಿದವಳು ನಾನೇ.

ಎಕ್ಸ್‌ರೇ ಬಂತು. ಹೊಟ್ಟೆಯಲ್ಲಿಲ್ಲ, ಗಂಟಲಲ್ಲಿಲ್ಲ, ಎದೆಯಲ್ಲೂ ಇಲ್ಲ. "ಸೀಸ ಇದ್ದಿದ್ರ ಬೆಳ್ಳಗ ಎದ್ದು ಕಾಣ್ತಿತ್ತು. ಮನ್ಯಾಗ ಎಲ್ಲೆರ ಬಿದ್ದಿರತೈತಿ, ಹುಡುಕ್ರಿ" ಎಂದರು. ವೈನಿ ಅಳುತ್ತಲೇ ನಕ್ಕರು. "ನಿನ್ನ ದಂಡು ನನ್ನ ಜೀವಾ ತಿಂತು ನೋಡ ಶ್ವೇತಾ" ಎಂದು ಬೆನ್ನಿಗೊಂದು ಗುದ್ದಿದರು. ಆ ಗುದ್ದು ನನಗೆ ಎಷ್ಟು ಹಿತವಾಗಿತ್ತು!

ಮೆಟ್ಟಿಲು ಇಳಿಯುತ್ತಾ ಸಿಪಾಯಿಯನ್ನು ಈ ಕೈಯಿಂದ ಆ ಕೈಗೆ ಹಾಕಿಕೊಂಡೆ. ಅಷ್ಟು ಪುಟ್ಟವನಿಗೂ ಒಂದು ತೂಕವಿತ್ತು. ಆಗ ಹೊಳೆಯಿತು. ಡೋಲಿನವನಿಗೆ ತೂಕವೇ ಇರಲಿಲ್ಲ. ಫ್ಯಾನಿನ ಗಾಳಿಗೆ ಮುಚ್ಚಳದ ಸಮೇತ ಮಗುಚಿ ಬೀಳುತ್ತಾನೆಂದೇ ನಾನು ಎಂ-ಸೀಲಿನ ಉಂಡೆ ಮೆತ್ತಿದ್ದು. ಸೀಸದ ಡೋಲಿನವನು ಮುರಿದು ಬಂದಿದ್ದ, ಅವನ ಬದಲಿಗೆ ಸಾಹೇಬರು ಪ್ಲಾಸ್ಟಿಕ್ಕಿನವನನ್ನು ಕಳಿಸಿದ್ದರು. ಸಾಲಿನಲ್ಲಿ ನಿಂತರೆ ಇವನು ಬೇರೆ ಎಂದು ಯಾರಿಗೂ ಗೊತ್ತಾಗಬಾರದೆಂದು ಹಟ ಹಿಡಿದು ಬಣ್ಣ ಹಚ್ಚಿದ್ದೆ. ಎಷ್ಟು ಚೆನ್ನಾಗಿ ಹಚ್ಚಿದ್ದೆನೆಂದರೆ ನನಗೇ ಮರೆತುಹೋಗಿತ್ತು.

ವೈನಿಯ ಮುಖದಲ್ಲಿ ನಗು ಇನ್ನೂ ಇತ್ತು.

"ವೈನಿ, ಹಿಂದಕ ಹೋಗೂಣು ನಡೀರಿ. ಅದು ಸೀಸದ್ದಲ್ಲ."

"ಏನಂದಿ?"

"ಪ್ಲಾಸ್ಟಿಕ್ಕಿಂದು. ನಾ ಮರ್ತಿದ್ದೆ."

ಡಾಕ್ಟರು ಸ್ಟೆತಸ್ಕೋಪನ್ನು ಕೂಸಿನ ಎಡ ಎದೆಗೆ ಇಟ್ಟರು, ಬಲಕ್ಕೆ ಇಟ್ಟರು, ಮತ್ತೆ ಬಲಕ್ಕೇ ಇಟ್ಟರು. "ಈ ಕಡೆ ಗಾಳಿ ಸರಿ ಹೋಗವಲ್ದು. ಉಸಿರಿನ ಕೊಳವ್ಯಾಗ ಕುಂತಂಗೈತಿ. ಪ್ಲಾಸ್ಟಿಕ್ ಎಕ್ಸ್‌ರೇದಾಗ ಕಾಣೂದಿಲ್ಲ. ಈಗಿಂದೀಗ ಹುಬ್ಬಳ್ಳಿಗೆ ಒಯ್ರಿ. ಕೂಸು ಅಳದಂಗ ನೋಡಿಕೊಳ್ರಿ. ಅತ್ತು ಕೆಮ್ಮಿದ್ರ ಅದು ಸರದು ಉಸಿರ ಕಟ್ಟಬಹುದು."

ಹುಬ್ಬಳ್ಳಿಯ ದಾರಿ ನನಗೆ ಹೊಸದಲ್ಲ. ಆದರೆ ಅವತ್ತು ಆಂಬುಲೆನ್ಸಿನಲ್ಲಿ ಆ ರಸ್ತೆ ಮುಗಿಯಲೇ ಇಲ್ಲ. ವೈನಿ ಮಗನನ್ನು ಎದೆಗಾನಿಸಿಕೊಂಡು ಏನೋ ಗುನುಗುತ್ತಿದ್ದರು. ನರ್ಸ್ ಆಕ್ಸಿಜನ್ ಕೊಳವೆಯನ್ನು ಮೂಗಿನ ಹತ್ತಿರ ಹಿಡಿದಳು. ಕೂಸು ತಲೆ ಕೊಸರಿತು, ಕೆಳದುಟಿ ಮುಂದೆ ಬಂತು. ಅಳುವುದಕ್ಕೆ ಮುಂಚೆ ಅವನು ಹಾಗೆಯೇ ಮಾಡುತ್ತಾನೆ. ಅಷ್ಟರಲ್ಲಿ ನನ್ನ ಮುಷ್ಟಿಯಲ್ಲಿದ್ದ ಸಿಪಾಯಿ ಅವನ ಕಣ್ಣಿಗೆ ಬಿದ್ದ. ಬಸವೇಶ ಬೇಕು ಎಂದು ಕೈ ಚಾಚಿದ.

ವೈನಿ ನನ್ನನ್ನು ನೋಡಿದರು. ಕೊಡಬೇಡ ಎನ್ನುವಂತಿಲ್ಲ, ಕೊಡು ಎನ್ನಲು ಬಾಯಿ ಬರುತ್ತಿಲ್ಲ. ಕೊಡದಿದ್ದರೆ ಅಳುತ್ತಾನೆ. ಹಾಳಾದ ಅಂಟು, ಒಬ್ಬನನ್ನು ಬಿಟ್ಟಿದೆ, ಇವನನ್ನೂ ಬಿಟ್ಟರೆ? ಮುಚ್ಚಳವನ್ನು ಅಂಗೈಯಲ್ಲಿ ಒತ್ತಿ, ಸಿಪಾಯಿಯ ಕಾಲನ್ನು ಉಗುರಿನಿಂದ ಅದುಮಿ ಹಿಡಿದು ಮುಂದೆ ಚಾಚಿದೆ. ಬಸವೇಶ ಬೆರಳಿನಿಂದ ಟೋಪಿಯ ಕೆಂಪು ತುರಾಯಿಯನ್ನು ಮುಟ್ಟಿದ. ಒಮ್ಮೆ ಕೀಳಲು ನೋಡಿದ. ನಾನು ಬಿಡಲಿಲ್ಲ. ಹುಬ್ಬಳ್ಳಿ ಬರುವವರೆಗೂ ಅವನು ಮುಟ್ಟುತ್ತಲೇ ಇದ್ದ, ನಾನು ಅವನ ಪಕ್ಕೆ ಏಳುವುದನ್ನೇ ನೋಡುತ್ತಿದ್ದೆ. ಕೈ ಜೋಮು ಹಿಡಿದು ಮರಗಟ್ಟಿತು. ಪಕ್ಕೆ ಎದ್ದಾಗ ನಾನೂ ಉಸಿರು ತೆಗೆದುಕೊಂಡೆ.

ಅಲ್ಲಿ ಕೂಸನ್ನು ಇಸಿದುಕೊಂಡು ಒಳಗೆ ಒಯ್ದರು, ಬಾಗಿಲು ಮುಚ್ಚಿದರು. ಹಾನಗಲ್ಲಿನ ಅಂಗಡಿಯಿಂದ ಕೂಸಿನ ಅಪ್ಪ ಪ್ರಶಾಂತಣ್ಣ ಹೊರಟಿದ್ದ, ದಾರಿಯುದ್ದಕ್ಕೂ ಫೋನ್ ಮಾಡುತ್ತಿದ್ದ. ವೈನಿ ಎತ್ತಲಿಲ್ಲ, ನನಗೂ ಎತ್ತುವ ಧೈರ್ಯ ಬರಲಿಲ್ಲ. ನಾವಿಬ್ಬರೂ ಒಂದೇ ಬೆಂಚಿನ ಎರಡು ತುದಿಯಲ್ಲಿ ಕೂತಿದ್ದೆವು.

ಬಾಗಿಲು ತೆರೆದು ಡಾಕ್ಟರಮ್ಮ ಹೊರಗೆ ಬಂದರು. "ಕೂಸು ಆರಾಮ ಐತ್ರಿ. ಸಿಕ್ಕಿತು." ವೈನಿ ನೆಲಕ್ಕೆ ಕುಸಿದು ಕೂತು, ಅಷ್ಟು ಹೊತ್ತು ತಡೆದ ಅಳುವನ್ನೆಲ್ಲ ಅತ್ತರು. ಡಾಕ್ಟರಮ್ಮ ಒಂದು ಪುಟ್ಟ ಡಬ್ಬಿಯನ್ನು ನನ್ನ ಕೈಗಿಟ್ಟರು. ಡೋಲಿನವನು ಅಡ್ಡ ಬಿದ್ದಿದ್ದ. ಬೆಳಕಿಗೆ ಹಿಡಿದು ನೋಡಿದೆ. ನೀಲಿ ಕೋಟು, ಬಿಳಿ ಪಟ್ಟಿ, ಡೋಲಿನ ಅಂಚಿಗೆ ನಾನು ಎಳೆದ ಹಳದಿ ಗೆರೆ, ಯಾವುದೂ ಒಂದಿಷ್ಟೂ ಕಿತ್ತುಬಂದಿರಲಿಲ್ಲ.

"ವಾರ್ನಿಶ್ ಚಲೋ ಹಿಡದೈತಿ" ಎಂದೆ. ಬಾಯಿಬಿಟ್ಟೇ ಹೇಳಿದ್ದೆ. ದನಿಯಲ್ಲಿ ಸಂತೋಷ ಇತ್ತು.

ವೈನಿಯ ಅಳು ನಿಂತಿತು. ತಲೆ ಎತ್ತಿ ನನ್ನ ಮುಖವನ್ನೇ ನೋಡಿದರು. ಇಡೀ ದಿನ ಕೂಸಿಗಾಗಿ ಹೆದರಿದ್ದ ನನಗೆ, ನನ್ನ ಬಗ್ಗೆಯೇ ಹೆದರಿಕೆ ಹುಟ್ಟಿದ್ದು ಆಗ.

"ಏನಂದಿ ಶ್ವೇತಾ?"

"ಏನಿಲ್ಲರಿ ವೈನಿ" ಎಂದೆ.