ಅಮ್ಮ ನೋಡದ ಚಿತ್ರ

ನಮ್ಮಣ್ಣ ಶ್ರೀರಾಮಪ್ಪ ಸಿನಿಮಾದಲ್ಲಿ ಬಿದ್ದು ಎದ್ದು ಜನರನ್ನು ನಗಿಸಿದವನು. ಯುದ್ಧ ಮುಗಿದ ವರ್ಷ ಬಂದ ಆ ಸಂಸಾರದ ಚಿತ್ರದಲ್ಲಿ ಅವನದು ಜಿಪುಣ ಅಪ್ಪನ ಪಾತ್ರ. ಮಕ್ಕಳು ತನಗಾಗಿ ಅಳುತ್ತಾರೋ ಇಲ್ಲವೋ ನೋಡೋಣವೆಂದು ಅಪ್ಪ ಸತ್ತವನ ಹಾಗೆ ಮಲಗುತ್ತಾನೆ. ನಮ್ಮಲ್ಲಿ ಅರ್ಧ ದಾರಿಯಲ್ಲಿ ಚಟ್ಟ ಇಳಿಸಿ, ಜೀವ ಇದ್ದರೆ ಓಗೊಡಲಿ ಎಂದು ಸತ್ತವನ ಕಿವಿಯಲ್ಲಿ ಮೂರು ಸಲ ಕೂಗುವ ಶಾಸ್ತ್ರವಿದೆ. ಚಿತ್ರದಲ್ಲಿ ಮಗ ಮೂರನೇ ಸಲ ಕೂಗಿದಾಗ ನಮ್ಮಣ್ಣ ಎದ್ದು ಕೂತು, "ಇಷ್ಟೊಂದ್ ಹೂವ ಯಾವನ್ಲಾ ತಂದೋನು? ಅರ್ಧ ವಾಪಸ್ ಕೊಟ್ಬಾ" ಅನ್ನುತ್ತಾನೆ. ಹೊತ್ತವರು ದಿಕ್ಕಾಪಾಲಾಗಿ ಓಡುತ್ತಾರೆ. ದಂಡು ಪ್ರದೇಶದ ಟಾಕೀಸಿನಲ್ಲಿ ನೆಲದ ಮೇಲೆ ಕೂತವರು ಹೊಟ್ಟೆ ಹಿಡಿದುಕೊಂಡು ನಕ್ಕರು.

ಪತ್ರಿಕೆಯವರು ನಗಲಿಲ್ಲ. ಒಬ್ಬ ಮಹಾಶಯ ಇದು ಕೋತಿಯಾಟ ಎಂದ. ಇನ್ನೊಬ್ಬ, "ಹೆಣವಾಗಿ ಮಲಗಿರುವಷ್ಟು ಹೊತ್ತು ಶ್ರೀರಾಮಪ್ಪನವರ ಅಭಿನಯ ಸಹಜವಾಗಿದೆ" ಎಂದು ಬರೆದ. ಬರೆದು, ಕಾಫಿ ಕುಡಿದು, ನೆಮ್ಮದಿಯಾಗಿ ಮಲಗಿರುತ್ತಾನೆ. ಇಲ್ಲಿ ನಮ್ಮಣ್ಣನಿಗೆ ಅನ್ನ ಸೇರಲಿಲ್ಲ. ನಾನು ಬರೆದವರಿಗೆಲ್ಲ ಹಿಡಿಶಾಪ ಹಾಕಿದೆ.

"ಅವ್ರ್ ಹಾಳಾಗ್ಲಿ ಬಿಡು. ಅಮ್ಮ ಒಂದ್ಸಲ ನೋಡಿದ್ರೆ ಸಾಕು" ಎಂದ ಅಣ್ಣ.

ಅಮ್ಮ ದೊಡ್ಡಮುನಿಯಮ್ಮ ಸುತರಾಂ ಒಪ್ಪಲಿಲ್ಲ. "ಹೆತ್ತ ಮಗ ಚಟ್ಟದ್ ಮೇಲೆ ಮಲಗೋದ ನಾನ್ ನೋಡ್ಬೇಕಾ?"

"ಮೂರ್ನೇ ಸಲಕ್ಕೆ ಎದ್ಬಿಡ್ತೀನಲ್ಲಮ್ಮ. ಜನ ನಗೋದೇ ಅದಕ್ಕೆ."

"ಹಂಗಾರೆ ಆಚೆ ಕೂತ್ಕೊಂಡು ಕೇಳುಸ್ಕೊಂತೀನಿ."

ಹಾಗೇ ಮಾಡಿದಳು. ಟಾಕೀಸಿನ ಆಚೆ, ಕಡಲೆಕಾಯಿ ಮಾರುವವಳ ಪಕ್ಕ, ಸೆರಗು ಬಿಗಿಹಿಡಿದು ಕೂತಳು. ಒಳಗೆ ಎಲ್ಲರೂ ಘೊಳ್ಳೆಂದು ನಕ್ಕಾಗ, "ಎದ್ದ" ಎಂದು ಉಸಿರು ಬಿಟ್ಟಳು. ಅಣ್ಣ ಆ ರಾತ್ರಿ ಹೊಟ್ಟೆತುಂಬ ಉಂಡ.

ಮುಂದಿನ ಬೇಸಿಗೆಯಲ್ಲಿ ವಿಷಮಜ್ವರ ಬಂದು ಅಣ್ಣ ಹೋಗಿಬಿಟ್ಟ.

ಹಲಸೂರಿನ ನಮ್ಮ ಮನೆಯಿಂದ ಹೊರಟಾಗ ರಸ್ತೆ ತುಂಬ ಜನ. ಶಿವಾಜಿನಗರದ ಮಾರ್ಕೆಟ್ಟಿನವರು, ಜಟಕಾದವರು, ಎಲ್ಲರೂ ಚಿತ್ರ ನೋಡಿದವರೇ. ಕೆರೆ ಏರಿಯ ಹತ್ತಿರ ಚಟ್ಟ ಇಳಿಸಿದರು. ಹೆಂಗಸರು ಅಲ್ಲಿಂದ ಮನೆಗೆ ಹಿಂದಿರುಗಬೇಕು. ಅವನಿಗೆ ಹೆಂಡತಿ ಮಕ್ಕಳಿಲ್ಲದ್ದರಿಂದ ಕೂಗುವುದು ನನ್ನ ಪಾಲಿಗೆ ಬಂತು. ತಮಟೆ ನಿಂತಿತು.

"ಅಣ್ಣಾ" ಎಂದೆ. ಎರಡನೇ ಸಲ ಇನ್ನಷ್ಟು ಬಗ್ಗಿ ಅವನ ಕಿವಿಯ ಹತ್ತಿರ ಕೂಗಿದೆ. ಹಿಂದೆ ಜಟಕಾದವನೊಬ್ಬ, "ಅಬ್ ಉಠ್ತಾ ದೇಖೋ", ಈಗ ಏಳ್ತಾನೆ ನೋಡು ಎಂದು ಪಿಸುಗುಟ್ಟಿದ್ದು ಕೇಳಿಸಿತು.

ಮೂರನೇ ಸಲ ಕೂಗಿದೆ.

ಯಾರೋ ಕಿಸಕ್ಕೆಂದರು. ಅಷ್ಟೇ ಸಾಕಾಯಿತು, ರಸ್ತೆಗೆ ರಸ್ತೆಯೇ ನಕ್ಕಿತು. ಕಣ್ಣಲ್ಲಿ ನೀರಿಟ್ಟುಕೊಂಡವರೂ ನಕ್ಕರು. ತಡೆದುಕೊಳ್ಳಲು ಬಾಯಿಗೆ ಟವೆಲ್ಲು ತುರುಕಿಕೊಂಡವರನ್ನು ನಾನೇ ನೋಡಿದೆ. ಪತ್ರಿಕೆಯವರನ್ನು ಬೈಯಲು ನನ್ನ ನಾಲಿಗೆ ಸದಾ ಸಿದ್ಧ. ಇವರನ್ನು ಏನೆಂದು ಬೈಯಲಿ? ನಮ್ಮಣ್ಣನನ್ನು ಮೆಚ್ಚಿದವರು ಇವರು ಮಾತ್ರ.

ಅಷ್ಟರಲ್ಲಿ ಹೆಂಗಸರ ಗುಂಪನ್ನು ಸೀಳಿಕೊಂಡು ಅಮ್ಮ ಓಡಿ ಬಂದಳು. ಅವಳ ಮುಖ ಅರಳಿತ್ತು.

"ಎದ್ನಾ?"

ನಗು ಅಲ್ಲಿಗೇ ನಿಂತುಹೋಯಿತು. ಅಮ್ಮ ಬಗ್ಗಿ ಅವನ ಕೆನ್ನೆ ಮುಟ್ಟಿದಳು. ಕೈ ತೆಗೆಯದೆ ನನ್ನ ಕಡೆ ತಿರುಗಿದಳು.

"ಮೆಲ್ಲುಕ್ ಕೂಗ್ದೆ ಅನ್ಸುತ್ತೆ ಕಣಪ್ಪ. ಇನ್ನೊಂದ್ಸಲ ಕೂಗು."

ನಾಲ್ಕನೇ ಸಲ ಕೂಗಬಾರದು ಎಂದು ಹಿರಿಯರು ಗದರಿದರು. ನಾನು ಕೂಗಿದೆ. ಅಮ್ಮ ಅವನ ಬಾಯನ್ನೇ ನೋಡುತ್ತ ಕೂತಿದ್ದಳು, ಇನ್ನೊಂದು ಸಲ ಕೂಗಿದೆ.