ಬಲಗಡೆ ಸೀಟಿನ ತೀರ್ಥಮ್ಮ

ಕಡೂರಿನ ಕೊಬ್ಬರಿ ವ್ಯಾಪಾರಿ ಶಿವಮೂರ್ತಪ್ಪನ ತಮ್ಮ ಕುವೈತಿನ ಕೆಲಸ ಬಿಟ್ಟು ಬರುವಾಗ ಹಡಗಿನಲ್ಲಿ ಪುಟ್ಟದೊಂದು ಹಳದಿ ಕಾರು ತಂದು ಅಣ್ಣನಿಗೆ ಕೊಟ್ಟುಬಿಟ್ಟ. ಆ ದೇಶದ ರಸ್ತೆಗೆ ಮಾಡಿದ ಕಾರು, ಹಾಗಾಗಿ ಸ್ಟೇರಿಂಗು ಎಡಗಡೆ. ನಮ್ಮಲ್ಲಿ ಡ್ರೈವರ್ ಕೂರುವ ಬಲಗಡೆ ಸೀಟಿನಲ್ಲಿ ಕೂತವಳು ಶಿವಮೂರ್ತಪ್ಪನ ಹೆಂಡತಿ ತೀರ್ಥಮ್ಮ.

ಎಪ್ಪತ್ತೊಂಬತ್ತನೇ ಇಸವಿಯಲ್ಲಿ ಕಡೂರು ಪೇಟೆ ಬೆಚ್ಚಿಬಿದ್ದದ್ದು ಹೀಗೆ. ತೀರ್ಥಮ್ಮ ಕೈಕಟ್ಟಿಕೊಂಡು ಎಲೆಯಡಿಕೆ ಜಗಿಯುತ್ತಿದ್ದಾಳೆ, ಕಾರು ತನ್ನ ಪಾಡಿಗೆ ತಾನು ಓಡುತ್ತಿದೆ! ಸುದ್ದಿ ದೇವನೂರಿನ ತನಕ ಹೋಯಿತು. ತೀರ್ಥಮ್ಮ ಯಾರನ್ನೂ ತಿದ್ದುವ ಗೋಜಿಗೆ ಹೋಗಲಿಲ್ಲ.

ಆ ಸೀಟಿನಲ್ಲಿ ಅವಳಿಗೆ ನಿಜವಾದ ಕೆಲಸವೂ ಇತ್ತು. ಮುಂದೆ ಲಾರಿಯೋ ಗಾಡಿಯೋ ಅಡ್ಡವಿದ್ದರೆ ಎಡಗಡೆ ಕೂತ ಶಿವಮೂರ್ತಪ್ಪನಿಗೆ ಎದುರಿಂದ ಬರುವುದು ಕಾಣುತ್ತಿರಲಿಲ್ಲ. ತೀರ್ಥಮ್ಮ ಕಿಟಕಿಯಾಚೆ ಕತ್ತು ಚಾಚಿ, "ತಡೀರಿ, ಬಸ್ಸು ಬತ್ತೈತೆ" ಎನ್ನಬೇಕು. ಬಸ್ಸು ದಾಟಿದ ಮೇಲೆ "ಹ್ಞೂಂ, ಹೋಗ್ರೀ!" ಎನ್ನಬೇಕು. ಅಂಗಡಿಯ ವಿಚಾರದಲ್ಲಾಗಲಿ, ಮಗಳ ಮದುವೆಯಲ್ಲಾಗಲಿ ಅವಳ ಮಾತಿಗೆ ಕಿವಿಗೊಡದ ಮಹಾರಾಯ, ಇಲ್ಲಿ ಮಾತ್ರ ಅವಳು ಹೇಳದೆ ಒಂದು ಮೊಳ ಮುಂದೆ ಹೋಗುತ್ತಿರಲಿಲ್ಲ. ಆ ಸುಖಕ್ಕೆ ಅವಳು ಯಾವ ಒಡವೆಯನ್ನೂ ಸಮ ಎನ್ನುತ್ತಿರಲಿಲ್ಲ.

ಆದರೆ ಕಾರಿಗಿದ್ದದ್ದು ತಾತ್ಕಾಲಿಕ ನಂಬರು. ಸ್ಟೇರಿಂಗು ಬಲಕ್ಕೆ ಬಂದರೇ ಖಾಯಂ ನಂಬರು ಎಂದರು ಆರ್‌ಟಿಓ ಇನ್‌ಸ್ಪೆಕ್ಟರು. ತರೀಕೆರೆಯ ಮೆಕ್ಯಾನಿಕ್ ದಾವೂದ್ ಸಾಬ್ ಡ್ಯಾಶ್‌ಬೋರ್ಡು ಕೊಯ್ದು, ಪೆಡಲುಗಳನ್ನು ಈಚೆಗೆ ತಂದು, ಸ್ಟೇರಿಂಗನ್ನು ಬಲಕ್ಕೆ ಕೂರಿಸಿದ. ಎಡಗಡೆ ಉಳಿದ ತೂತಿಗೆ ತಗಡು ಬಡಿದು, "ಅಮ್ಮಾವ್ರೇ, ಇನ್ಮೇಲೆ ನಿಮ್ ಸೀಟು ಇದೇ" ಎಂದ.

ಶಿವಮೂರ್ತಪ್ಪ ಹಿಗ್ಗಿ ಹೀರೇಕಾಯಿಯಾಗಿದ್ದ. "ಇನ್ನು ನಿನ್ ಕೂಗಾಟ ಬೇಕಾಗಿಲ್ಲ ಕಣೇ. ನಾನೇ ನೋಡ್ಕೊತೀನಿ" ಎಂದುಬಿಟ್ಟ.

ತೀರ್ಥಮ್ಮನಿಗೆ ಚುರ್ರೆಂದಿತು. ಸೀದಾ ಹಿಂದಿನ ಸೀಟಿಗೆ ಹೋಗಿ ಕೂತಳು. "ನೋಡ್ಕೊಳ್ಳಿ. ಈ ಕಾರಲ್ಲಿ ಇನ್ನು ನಾನು ಬಾಯಿ ಬಿಟ್ರೆ ಕೇಳಿ!"

ಅಂದು ತರೀಕೆರೆಯಿಂದ ಕಡೂರಿನ ತನಕ ಶಿವಮೂರ್ತಪ್ಪ ಒಂದು ಲೋಡ್ ಲಾರಿಯ ಹಿಂದೆಯೇ ಧೂಳು ಕುಡಿಯುತ್ತ ಬಂದ. ಕಾರು ಹೊಂದಿಕೊಳ್ಳುವ ತನಕ ಜೋರು ಓಡಿಸಬಾರದಂತೆ ಎಂದು ಸಬೂಬು ಹೇಳಿದ. ತೀರ್ಥಮ್ಮ ಇನ್ನೊಂದು ಎಲೆಗೆ ಸುಣ್ಣ ಸವರಿಕೊಂಡಳು.

ಪರೀಕ್ಷೆಯ ದಿನ ಇನ್‌ಸ್ಪೆಕ್ಟರು ಮುಂದೆ ಎಡಗಡೆ ಕೂತರು. ಮುನಿಸು ಏನೇ ಇರಲಿ, ನೋಡದೆ ಇರಲಾರದೆ ತೀರ್ಥಮ್ಮ ಹಿಂದೆ ಹತ್ತಿಕೊಂಡಳು. ಬೀರೂರು ರಸ್ತೆಯಲ್ಲಿ ಹುಲ್ಲು ಹೇರಿದ ಎತ್ತಿನ ಗಾಡಿಯೊಂದು ಮುಂದೆ ಸಿಕ್ಕಿತು. ಎದುರಿಗೆ ನರಪಿಳ್ಳೆ ಇಲ್ಲ. ಆದರೂ ಕಾರು ಗಾಡಿಯ ಹಿಂದೆಯೇ ತೆವಳತೊಡಗಿತು.

"ರೋಡು ಖಾಲಿ ಇದೆಯಲ್ರೀ, ಮುಂದೆ ಹೋಗಿ" ಎಂದರು ಬಲಕ್ಕೆ ವಾಲಿ ನೋಡಿದ ಇನ್‌ಸ್ಪೆಕ್ಟರು.

"ಹೊಂಟೆ ಸಾರ್" ಎಂದ ಶಿವಮೂರ್ತಪ್ಪ. ಹೊರಡಲಿಲ್ಲ.

"ಸ್ಟೇರಿಂಗು ತಿರುಗಲ್ವೇನ್ರೀ? ಹೀಗಾದ್ರೆ ನಾನು ಪಾಸ್ ಮಾಡಲ್ಲ."

ಶಿವಮೂರ್ತಪ್ಪನ ಕತ್ತಿನಲ್ಲಿ ಬೆವರು ಇಳಿಯುತ್ತಿತ್ತು. ಅವನು ಕನ್ನಡಿಯೊಳಗೆ ನೋಡುತ್ತಿದ್ದದ್ದು ಹಿಂದಿನ ರಸ್ತೆಯನ್ನಲ್ಲ, ಹಿಂದೆ ಕೂತ ತನ್ನನ್ನು ಎಂದು ತೀರ್ಥಮ್ಮನಿಗೆ ಗೊತ್ತಾಯಿತು. ಕಾರು ಹೋದರೆ ಹೋಗಲಿ, ಬಾಯಿ ಬಿಡಬಾರದು ಎಂದುಕೊಂಡಳು. ಆದರೆ ಆ ಮುಖ ನೋಡಿ ತಡೆಯಲಾಗಲಿಲ್ಲ. ಬಲಗಡೆ ಕಿಟಕಿಗೆ ಜರುಗಿ ಕತ್ತು ಹೊರಗೆ ಚಾಚಿದಳು.

"ಹ್ಞೂಂ, ಹೋಗ್ರೀ!"

ಕಾರು ಗಾಡಿಯನ್ನು ದಾಟಿ ಚಂಗನೆ ಮುಂದೆ ಹೋಯಿತು. ಇನ್‌ಸ್ಪೆಕ್ಟರು ಬೀರೂರು ಬರುವ ತನಕ ನಕ್ಕರು. ಪಾಸೂ ಮಾಡಿದರು.

ಇನ್‌ಸ್ಪೆಕ್ಟರು ಬೀರೂರಿನಲ್ಲೇ ಇಳಿದುಕೊಂಡರು. ವಾಪಸು ಬರುವಾಗ ತೀರ್ಥಮ್ಮ ಮುಂದೆ, ಎಡಗಡೆ ಕೂತಳು. ದಾರಿಯಲ್ಲಿ ಒಂದು ಲಾರಿ ಅಡ್ಡವಾಯಿತು. ಅವಳ ಕಣ್ಣಿಗೆ ಬಿದ್ದದ್ದು ಲಾರಿಯ ಹಿಂಬದಿಯ ಹಲಗೆ ಮಾತ್ರ.

"ಹೋಗ್ಲೇನೇ?" ಎಂದ ಶಿವಮೂರ್ತಪ್ಪ.

"ನಂಗಿಲ್ಲಿಂದ ಏನೂ ಕಾಣಲ್ಲ ಕಣ್ರೀ."

"ನಂಗೆ ಕಾಣ್ತೈತೆ. ನೀನು ಹೇಳು."